ಮಿಸ್ ಆರೆಲಿಯಾಳ ಮಡಿಲಲ್ಲಿದ್ದದ್ದು

ಕಾಲಿನ ಹೆಬ್ಬೆರಳು ಮಡಿಸಿಕೊಂಡಿತೆಂದರೆ ಕಷ್ಟದ ಪದ ಬಂತು ಎಂದರ್ಥ. ಮಂಚದ ಮೇಲೆ ಬೋರಲು ಮಲಗಿ, ಅಂಚಿನಿಂದಾಚೆ ಮುಖ ಚಾಚಿದ್ದ ಸೋಮಶೇಖರ ಮೇಷ್ಟ್ರಿಗೆ ಕಾಣುತ್ತಿದ್ದುದು ಇಷ್ಟೇ: ಕೆಂಪು ಗಾರೆಯ ನೆಲ, ಪ್ಲಾಸ್ಟಿಕ್ ಕುರ್ಚಿಯ ಮುಂದಿನ ಕಾಲುಗಳು, ಅವುಗಳ ನಡುವೆ, ಪುಸ್ತಕ ಓದಿ ಹೇಳುತ್ತಿದ್ದ ಸೊಸೆ ರೂಪಶ್ರೀಯ ಪಾದಗಳು. ಅದೂ ಎಡಗಣ್ಣಿಗೆ ಮಾತ್ರ, ಮಸುಕು ಮಸುಕಾಗಿ. ಬಲಗಣ್ಣಿಗೆ ಆಪರೇಷನ್ ಮಾಡಿ ಒಳಗೆ ಗ್ಯಾಸ್ ತುಂಬಿದ್ದರು. ಆ ಗುಳ್ಳೆ ಕಣ್ಣಿನ ಹಿಂಭಾಗದ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ವಾರವೆಲ್ಲ ನೆಲ ನೋಡಿಕೊಂಡೇ ಇರಬೇಕು, ತಲೆ ಎತ್ತಿದರೆ ಮಾಡಿದ್ದೆಲ್ಲ ನೀರುಪಾಲು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. 'ಇಷ್ಟು ವರ್ಷ ಹೊಟ್ಟೇಲಿದ್ದ ಗ್ಯಾಸು ಈಗ ಕಣ್ಣಿಗೆ ಬಂತು ಬುಡಿ' ಎಂದು ಹೆಂಡತಿ ಮಂಜುಳಮ್ಮ ನಕ್ಕು, ತನ್ನದೊಂದು ಹಳೇ ಸೀರೆಯನ್ನು ಸುತ್ತಿ ಸಿಂಬಿ ಮಾಡಿ ಹಣೆಗೆ ಆಸರೆ ಕೊಟ್ಟಿದ್ದರು. ನೀರಿನ ಬಿಂದಿಗೆ ಕೂರಬೇಕಾದ ಸಿಂಬಿಯ ಮೇಲೆ ಗುಬ್ಬಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಸಾಹಿತ್ಯ ಹೇಳಿಕೊಟ್ಟ ತಲೆ ಕೂತಿತ್ತು. ಸೊಸೆಯ ಮುಖವನ್ನೇ ನೆಟ್ಟಗೆ ನೋಡಿ ಮಾತಾಡಿದವರಲ್ಲ ಮೇಷ್ಟ್ರು. ಈಗ ಕಾಲಬೆರಳನ್ನು ನೋಡಿ ಅವಳ ಮನಸ್ಸು ತಿಳಿಯಬೇಕಾಗಿ ಬಂದಿತ್ತು. ಬೆರಳು ಮಡಿಸಿಕೊಳ್ಳುತ್ತದೆ, ಒಂದು ಗಳಿಗೆ ಹಾಗೇ ಇರುತ್ತದೆ, ಆಮೇಲೆ ಒಂದೋ 'ಮಾವ, ಇದೇನು' ಎಂಬ ಪ್ರಶ್ನೆ ಬರುತ್ತದೆ, ಇಲ್ಲವೇ ಬೆರಳು ತಾನೇ ಸಡಿಲವಾಗಿ ಓದು ಮುಂದೆ ಸಾಗುತ್ತದೆ. ಸಡಿಲವಾದಾಗೆಲ್ಲ ಮೇಷ್ಟ್ರು, ಪರವಾಗಿಲ್ಲ, ಹಿಂದುಮುಂದಿನ ಮಾತು ನೋಡಿ ತಾನೇ ಅರ್ಥ ಮಾಡಿಕೊಂಡಳು ಎಂದು ಸಿಂಬಿಯೊಳಗೇ ತಲೆದೂಗುತ್ತಿದ್ದರು.

ಪುಸ್ತಕಕ್ಕೆ ಹೆಸರಿರಲಿಲ್ಲ. ರಟ್ಟು, ಮೊದಲ ಕೆಲವು ಹಾಳೆಗಳು ಎಂದೋ ಉದುರಿ, ನೇರವಾಗಿ ಒಂದನೆಯ ಅಧ್ಯಾಯದಿಂದಲೇ ಶುರುವಾಗುವ ಹಳೇ ಇಂಗ್ಲಿಷ್ ಕಾದಂಬರಿ. ಬಿ.ಎ. ಓದಲು ತುಮಕೂರಿಗೆ ಬಂದ ವರ್ಷ ಹಾಸ್ಟೆಲ್ಲಿನ ಅಟ್ಟದ ಮೇಲೆ ಸಿಕ್ಕಿದ್ದು. ಬರೆದವರು ಯಾರೆಂದು ಪತ್ತೆ ಮಾಡುವುದು ಇಂಗ್ಲಿಷ್ ಲೆಕ್ಚರರಿಗೆ ದೊಡ್ಡ ಮಾತಾಗಿರಲಿಲ್ಲ, ಆದರೆ ಮಾಡಲು ಮನಸ್ಸು ಬಂದಿರಲಿಲ್ಲ. ಹೆಸರು ಗೊತ್ತಾದರೆ ಅದು ಎಲ್ಲರ ಪುಸ್ತಕವಾಗಿಬಿಡುತ್ತದೆ ಎಂಬ ಒಂದು ಹುಡುಗಾಟದ ಹೊಟ್ಟೆಕಿಚ್ಚು. ಮಿಸ್ ಆರೆಲಿಯಾ ಎಂಬ ಮದುವೆಯಾಗದ ಹೆಂಗಸು, ತಮ್ಮನ ತಾಯಿಯಿಲ್ಲದ ಮಗಳನ್ನು ಸಾಕಿ ಬೆಳೆಸಿ, ಆ ಹುಡುಗಿಯ ಮದುವೆಗೆ ತನ್ನನ್ನು ಕರೆಯಲು ಮರೆತದ್ದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವ ಕಥೆ. ಪ್ರತಿ ಬೇಸಿಗೆ ರಜೆಯಲ್ಲಿ ಒಮ್ಮೆ ಓದಿ, ಆ ಮದುವೆಯ ಅಧ್ಯಾಯಕ್ಕೆ ಬಂದಾಗ ಮಂಜುಳಮ್ಮನಿಗೆ ಕಾಣದ ಹಾಗೆ ಟವೆಲಿನಿಂದ ಮುಖ ಒರೆಸಿಕೊಳ್ಳುವುದು ನಲವತ್ತು ವರ್ಷದ ವ್ರತ. ಈ ಸಲ ಬೇಸಿಗೆಯಲ್ಲಿ ಅಕ್ಷರಗಳು ಇರುವೆ ಸಾಲಿನ ಹಾಗೆ ಸೊಟ್ಟಗಾದವು. ಬಲಗಣ್ಣು ಕೆಟ್ಟಿದೆ, ಎಡದ್ದು ಅದರ ಹಿಂದೆಯೇ ಹೊರಟಿದೆ, ಆಪರೇಷನ್ ಆದಮೇಲೂ ಓಡಾಡುವಷ್ಟು ಕಂಡೀತು, ಓದುವ ಮಾತು ಮಾತ್ರ ಕೊಡಲಾರೆ ಎಂದರು ಡಾಕ್ಟರು. ಓದಲಾರದ ಮೇಷ್ಟ್ರು ಎಂದರೆ ಏನು ಎಂದು ಮೇಷ್ಟ್ರು ಆಸ್ಪತ್ರೆಯಿಂದ ತುಮಕೂರಿನ ಬಟವಾಡಿಯ ಮನೆಗೆ ಬರುವ ದಾರಿಯುದ್ದಕ್ಕೂ ಕಾರಿನ ನೆಲ ನೋಡಿಕೊಂಡು ಯೋಚಿಸಿದ್ದರು. ಇನ್ನು ಮೇಲೆ ಯಾರಾದರೂ ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಗ ಜಯಪ್ರಕಾಶ್ ಮೊದಲ ದಿನ ಫೋನಿನಿಂದಲೇ ಓದಿಸಿ ನೋಡಿದ. ಪುಟದ ಫೋಟೋ ತೆಗೆದರೆ ಫೋನಿನೊಳಗಿನ ಹೆಂಗಸು ಓದುತ್ತಾಳಂತೆ. ಓದಿದಳು, ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಹೇಳುವ ಅದೇ ದನಿಯಲ್ಲಿ ಮಿಸ್ ಆರೆಲಿಯಾಳ ಒಂಟಿತನವನ್ನು ಹೇಳಿದಳು. 'ನಿಲ್ಸಪ್ಪ' ಎಂದರು ಮೇಷ್ಟ್ರು. ಜಯಪ್ರಕಾಶ್ ತಾನೇ ಒಂದು ಪುಟ ಓದಿ ಮೂರು ಸಲ ಆಕಳಿಸಿದ. ಆಗ ಬಾಗಿಲ ಹತ್ತಿರದಿಂದ, 'ನಾನ್ ಓದ್ಲಾ ಮಾವ' ಎಂಬ ದನಿ ಬಂತು. ರೂಪಶ್ರೀ ಸತ್ಯಮಂಗಲದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವಳು. ಅತ್ತೆಯ ಮಂಡಿನೋವಿಗೆ ಮಾವನ ಆರೈಕೆ ಆಗದೆಂದು ರಜೆ ಹಾಕಿದ್ದಳು. ಮೇಷ್ಟ್ರಿಗೆ ತಲೆ ಎತ್ತಿ ಅವಳ ಮುಖ ನೋಡಬೇಕೆನಿಸಿತು, ಎತ್ತುವಂತಿರಲಿಲ್ಲ, ಅದೇ ಒಳ್ಳೆಯದಾಯಿತು. ಯಾಕೆಂದರೆ ಈ ಮನೆಯಲ್ಲಿ ರೂಪಶ್ರೀ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ನಾಲ್ಕು ವರ್ಷವಾಗಿತ್ತು. ಮೊಮ್ಮಗಳು ಕೃತಿಕಾಳ ನಾಮಕರಣದ ದಿನ ಕಾಲೇಜಿನ ಹಳೇ ಗೆಳೆಯರೆಲ್ಲ ಕೂತಿದ್ದಾಗ ಅವಳು ಉಡುಗೊರೆಯ ಮೇಲಿನ ಕಾರ್ಡನ್ನು ಜೋರಾಗಿ ಓದಿದಳು, ಒಂದು ಉಚ್ಚಾರಣೆ ತಪ್ಪಿತು, ಮೇಷ್ಟ್ರಿಗೆ ಹಳೇ ಚಾಳಿ ಎದ್ದು, ಅಲ್ಲಮ್ಮ, ಹೀಗೆ, ಇನ್ನೊಂದ್ಸಲ ಹೇಳು, ಇನ್ನೊಂದ್ಸಲ, ಎಂದು ಮೂರು ಬಾರಿ ಹೇಳಿಸಿದರು. ಅಮೃತೂರಿನ ಸರ್ಕಾರಿ ಶಾಲೆಯ ಹುಡುಗಿ ಮಗುವನ್ನು ಎದೆಗವುಚಿಕೊಂಡು ಮೂರು ಬಾರಿಯೂ ಹೇಳಿದಳು, ನಗುತ್ತಲೇ. ಗೆಳೆಯರೂ ನಕ್ಕರು. ಬೀಗರು, ಅವಳಪ್ಪ ಚನ್ನವೀರಯ್ಯ, ತೆಂಗಿನಕಾಯಿ ಚೀಲ ಇಳಿಸಿ ಆಗತಾನೇ ಒಳಗೆ ಬಂದವರು, ಏನು ನಡೆಯುತ್ತಿದೆ ಎಂದು ತಿಳಿಯದೆ ತಾವೂ ನಕ್ಕರು. ಆ ನಗು ಮೇಷ್ಟ್ರ ಕಿವಿಯಲ್ಲಿ ಇನ್ನೂ ಇತ್ತು, ಉಳಿದವರದ್ದಲ್ಲ, ಚನ್ನವೀರಯ್ಯನವರದ್ದು. ಅಂದಿನಿಂದ ರೂಪಶ್ರೀ ಸೋಪಿನ ಹೆಸರು ಹೇಳುವಾಗಲೂ 'ಹಸಿರು ಕಾಗದದ್ದು' ಎನ್ನುತ್ತಾಳೆ. ಮಗುವಿನ ರೈಮ್ಸ್ ಪುಸ್ತಕ ಬಂದರೆ ಗಂಡನ ಕೈಗೆ ದಾಟಿಸುತ್ತಾಳೆ. 'ಓದಮ್ಮ' ಎಂದರು ಮೇಷ್ಟ್ರು ನೆಲಕ್ಕೆ.

ಓದಿದಳು. ನಿಧಾನಕ್ಕೆ, ಒಂದೊಂದು ಪದದ ಮೇಲೂ ಕಾಲಿಟ್ಟು ಗಟ್ಟಿ ನೆಲವೇ ಎಂದು ನೋಡಿಕೊಂಡು ಓದುವ ಓದು. ಉಚ್ಚಾರಣೆ ತಪ್ಪುತ್ತಿತ್ತು, ಮೇಷ್ಟ್ರ ನಾಲಿಗೆ ತುರಿಸುತ್ತಿತ್ತು, ಅವರು ಸಿಂಬಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನಿದ್ದರು. ಒಂದೆರಡು ದಿನಕ್ಕೆ ಕಚ್ಚಬೇಕಾಗಿಯೂ ಬರಲಿಲ್ಲ. ಅವಳ ದನಿಯಲ್ಲಿ ಒಂದು ಅಮೃತೂರು ಇತ್ತು, ಆ ದನಿಯಲ್ಲಿ ಮಿಸ್ ಆರೆಲಿಯಾ ಹೆಚ್ಚು ಪಾಪದವಳಾಗಿ ಕೇಳುತ್ತಿದ್ದಳು. ಹಳೇ ಪದಗಳು ಬಂದಾಗ ನಿಲ್ಲುತ್ತಿದ್ದಳು. 'ಮಾವ, ಫೋರ್ಟ್‌ನೈಟ್ ಅಂದ್ರೆ?' 'ಹದಿನಾಲ್ಕು ರಾತ್ರಿ. ನಮ್ಮ ಪಕ್ಷ ಇದ್ದಂಗೆ ಕಣಮ್ಮ, ಅಮಾಸೆಯಿಂದ ಹುಣ್ಣಿಮೆಗೆ.' 'ಫಿಸಿಕ್ ಕುಡಿದ್ಲು ಅಂತಿದೆ.' 'ಕಷಾಯ.' 'ಯಾಂಡರ್?' 'ಅಗಾ ಅತ್ತ್ಲಾಗೆ ಅಂತ ಕೈ ತೋರಿಸ್ತಾರಲ್ಲ, ಇಲ್ಲೂ ಅಲ್ಲ, ಅಲ್ಲೂ ಅಲ್ಲ, ಇನ್ನೂ ಆಚೆ, ಅದು.' 'ನಮ್ಮೂರಲ್ಲಿ ಅತ್ತ್ಲಾಗೆ ಅಂದ್ರೆ ಎರಡು ಕಿಲೋಮೀಟರ್ ಮಾವ' ಎಂದಳು ಒಂದು ಸಲ. ಮೇಷ್ಟ್ರು ನಕ್ಕರು, ನಕ್ಕಾಗ ಕಣ್ಣು ನೋಯಿತು, ಆದರೂ ನಕ್ಕರು. ಕ್ಲಾಸಿನಲ್ಲಿ ಯಾವ ವಿದ್ಯಾರ್ಥಿಯೂ ಇಂಥದ್ದನ್ನು ಕೇಳಿರಲಿಲ್ಲ. ಪರೀಕ್ಷೆಗೆ ಬರುತ್ತಾ ಸಾರ್ ಎಂದಷ್ಟೇ ಕೇಳುತ್ತಿದ್ದ ಹುಡುಗರ ಮುಂದೆ ಮೂವತ್ತು ವರ್ಷ ನಿಂತವರಿಗೆ, ಈ ಪದದ ಒಳಗೆ ಏನಿದೆ ಎಂದು ಕಾಲಬೆರಳು ಮಡಿಸಿ ಕಾಯುವ ಒಬ್ಬ ವಿದ್ಯಾರ್ಥಿನಿ ಕೊನೆಗೆ ಮನೆಯಲ್ಲೇ ಸಿಕ್ಕಿದ್ದಳು. ಮಧ್ಯಾಹ್ನದ ಊಟವಾಗಿ ಕೃತಿಕಾ ಮಲಗಿದಮೇಲೆ ಕುರ್ಚಿ ಎಳೆಯುವ ಸದ್ದಿಗೆ ಬೆಳಗಿನಿಂದಲೇ ಕಿವಿ ಕೊಡುವುದು ಅಭ್ಯಾಸವಾಯಿತು. ಅವಳೊಮ್ಮೆ 'ಫೋನಲ್ಲಿ ನೋಡ್ಲಾ ಮಾವ' ಎಂದಾಗ, 'ಫೋನ್ ಯಾಕಮ್ಮ, ನಾನಿನ್ನೂ ಇದೀನಲ್ಲ' ಎಂದಿದ್ದರು, ತುಸು ಬಿಂಕದಿಂದಲೇ.

ಆ ಬಿಂಕದ ಬಿಸಿಯಲ್ಲೇ ರೆಟಿಕ್ಯೂಲ್ ಬಂದದ್ದು. ಮಿಸ್ ಆರೆಲಿಯಾ ಕುದುರೆಗಾಡಿಯಲ್ಲಿ ರೆಟಿಕ್ಯೂಲನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಅದನ್ನು ಹಿಡಿದು ಕೂತಿದ್ದಳು. 'ಇದೇನ್ ಮಾವ?' 'ನಾಯಿ' ಎಂದರು ಮೇಷ್ಟ್ರು. 'ಸಣ್ಣ ಜಾತಿ ನಾಯಿ. ದೊಡ್ಡ ಮನೆ ಹೆಂಗಸ್ರು ಮಡಿಲಲ್ಲಿ ಇಟ್ಕೊಂಡಿರೋರು.' ಸುಳ್ಳೆಂದರೆ ಸುಳ್ಳಲ್ಲ. ಹಾಸ್ಟೆಲ್ಲಿನಲ್ಲಿ ಇದನ್ನು ಮೊದಲು ಓದಿದಾಗ ಡಿಕ್ಷನರಿ ಎಂಬುದು ಲೈಬ್ರರಿಯ ಗಾಜಿನ ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತಿದ್ದ ವಸ್ತು. ಗುಬ್ಬಿ ಕಡೆಯ ಹಳ್ಳಿಯ ಹುಡುಗ, ಗೊತ್ತಿಲ್ಲದ ಮಾತು ಬಂದರೆ ಒಂದೋ ದಾಟಿದ, ಇಲ್ಲವೇ ತನ್ನೂರಿನಿಂದ ಏನನ್ನಾದರೂ ತಂದು ಅಲ್ಲಿಟ್ಟ. ಕಾದಂಬರಿಯ ಬಯಲು ಊರ್ಡಿಗೆರೆ ದಾರಿಯ ಗೋಮಾಳವಾಯಿತು. ಚರ್ಚಿನ ಪಾದ್ರಿಗೆ ಊರ ಮಠದ ಅಯ್ಯನವರ ನಡಿಗೆ ಬಂತು. ಮಿಸ್ ಆರೆಲಿಯಾ ಎಲ್ಲಿಗೆ ಹೋದರೂ ಜೊತೆಗಿರುವ, ಅವಳು ಅಳುವಾಗ ಎದೆಗೊತ್ತಿಕೊಳ್ಳುವ ಆ ರೆಟಿಕ್ಯೂಲ್ ನಾಯಿಯಲ್ಲದೆ ಮತ್ತೇನಾಗಿರಲು ಸಾಧ್ಯ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು, ಇದಾವುದೂ ಪುಸ್ತಕದಲ್ಲಿರಲಿಲ್ಲ. ಲೋಕವೆಲ್ಲ ಬಿಟ್ಟುಹೋದ ಆ ಹೆಂಗಸಿಗೆ ಒಂದು ಜೀವ ಇರಲೇಬೇಕು ಎಂದು ತಾಯಿ ಸತ್ತ ವರ್ಷ ಹಾಸ್ಟೆಲ್ಲಿನ ಚಾಪೆಯ ಮೇಲೆ ಒಬ್ಬನೇ ಮಲಗಿದ್ದ ಆ ಹುಡುಗ ತೀರ್ಮಾನಿಸಿಬಿಟ್ಟಿದ್ದ. ಆಮೇಲೆ ಎಂ.ಎ. ಆಯಿತು, ಕೆಲಸವಾಯಿತು, ಮನೆಯಲ್ಲೇ ಎರಡು ಡಿಕ್ಷನರಿ ಬಂದವು. ಒಮ್ಮೆ ಆರ್ ಅಕ್ಷರದವರೆಗೆ ಹೋಗಿ, ಹಾಳೆಗಳ ನಡುವೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದು, ಮುಚ್ಚಿಟ್ಟಿದ್ದರು.

'ನಾಯಿ' ಎಂದು ರೂಪಶ್ರೀ ತನಗೆ ತಾನೇ ಹೇಳಿಕೊಂಡು, ಒಪ್ಪಿ, ಮುಂದೆ ಹೋಗಿದ್ದಳು. ಮರುದಿನ ಅವಳೇ ಕೇಳಿದಳು, 'ನಾಯಿ ಚೆನ್ನಾಗಿದೆಯಲ್ವಾ ಮಾವ, ಒಂದ್ ಸಲಾನೂ ಬೊಗಳೇ ಇಲ್ಲ.' ಮೇಷ್ಟ್ರು ಹ್ಞೂಂಗುಟ್ಟಿದರು. ಇವತ್ತು, ಮದುವೆಯ ಸುದ್ದಿ ಬೇರೆಯವರ ಬಾಯಿಂದ ಮಿಸ್ ಆರೆಲಿಯಾಳಿಗೆ ಗೊತ್ತಾಗುವ ಅಧ್ಯಾಯ. ಮೇಷ್ಟ್ರು ಟವೆಲನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿದ್ದರು. ರೂಪಶ್ರೀಯ ದನಿ ಮೆತ್ತಗಾಗಿತ್ತು. ಮಿಸ್ ಆರೆಲಿಯಾ ಏನೂ ಮಾತಾಡಲಿಲ್ಲ, ರೆಟಿಕ್ಯೂಲನ್ನು ತೆರೆದಳು, ಅದರೊಳಗಿನಿಂದ ಕರ್ಚೀಫು ತೆಗೆದಳು, ಎಂದು ಓದಿ ರೂಪಶ್ರೀ ನಿಂತಳು. ಹೆಬ್ಬೆರಳು ಮಡಿಸಿಕೊಂಡಿತು. ಅದರ ಪಕ್ಕದ ಬೆರಳೂ ಮಡಿಸಿಕೊಂಡಿತು. 'ನಾಯಿ ಬಾಯಿಂದ ತೆಗೆದ್ಲಾ ಮಾವ?' ಮೇಷ್ಟ್ರು ಇದಕ್ಕೆ ಬಹಳ ಹಿಂದೆಯೇ ಉತ್ತರ ಮಾಡಿಕೊಂಡಿದ್ದರು. ಅವರ ಹಳ್ಳಿಯಲ್ಲಿ ಮಠದ ಬಸವ ಕೊರಳಿಗೆ ಜೋಳಿಗೆ ಕಟ್ಟಿಕೊಂಡು ಮನೆಮನೆಯ ಮುಂದೆ ನಿಲ್ಲುತ್ತಿತ್ತು, ಹೆಂಗಸರು ಅದಕ್ಕೆ ಒಂದು ಹಿಡಿ ರಾಗಿ ಹಾಕಿ ಹಣೆ ಮುಟ್ಟಿ ನಮಸ್ಕರಿಸುತ್ತಿದ್ದರು. ಇಪ್ಪತ್ತರ ಹುಡುಗ ಅಂಥದೇ ಒಂದು ಪುಟ್ಟ ಜೋಳಿಗೆಯನ್ನು ಮಿಸ್ ಆರೆಲಿಯಾಳ ನಾಯಿಯ ಕೊರಳಿಗೂ ಕಟ್ಟಿ ಕೆಲಸ ಮುಗಿಸಿದ್ದ. 'ನಾಯಿ ಕೊರಳಿಗೆ ಒಂದು ಚೀಲ ಕಟ್ಟಿರ್ತಾರೆ ಕಣಮ್ಮ. ಮುಂದೆ ಓದು' ಎಂದರು, ಬೇಗ ಬೇಗ. 'ಓ' ಎಂದಳು ರೂಪಶ್ರೀ, ನಂಬಿದಳು. ಅದನ್ನೂ ನಂಬಿದಳಲ್ಲ ಎಂದು ಮೇಷ್ಟ್ರಿಗೆ ಸಂಕಟವಾಯಿತು. ಅವಳು ಓದಿದಳು. ಮಿಸ್ ಆರೆಲಿಯಾ ಮನೆಗೆ ಬಂದಳು, ಶಾಲು ತೆಗೆದಳು, ಟೋಪಿ ತೆಗೆದಳು, ರೆಟಿಕ್ಯೂಲನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.

ಓದು ಅಲ್ಲಿಗೇ ನಿಂತಿತು. ಹೊರಗೆ ಹಳೇ ಪಾತ್ರೆ, ಹಳೇ ಪೇಪರ್ ಎಂದು ಆಟೋದ ಮೈಕು ಕೂಗಿಕೊಂಡು ಹೋಯಿತು. ಈ ವಾಕ್ಯ ಮೇಷ್ಟ್ರಿಗೆ ಗೊತ್ತಿತ್ತೇ? ಗೊತ್ತಿತ್ತು, ಗೊತ್ತಿರಲಿಲ್ಲ. ಅವರ ಪುಸ್ತಕದಲ್ಲಿ ಈ ಜಾಗಕ್ಕೆ ಬಂದಾಗ ನಾಯಿ ತಾನೇ ಹೋಗಿ ಬಾಗಿಲ ಹಿಂದೆ ಮುದುರಿ ಮಲಗುತ್ತಿತ್ತು. ಮೊಳೆಯನ್ನು ಅವರು ನಲವತ್ತು ವರ್ಷದಿಂದ ನೋಡದೆ ದಾಟುತ್ತ ಬಂದಿದ್ದರು. 'ನಾಯೀನ ಮೊಳೆಗೆ ನೇತ್ ಹಾಕಿದ್ಲಾ ಮಾವ' ಎಂದು ರೂಪಶ್ರೀ ಕೇಳಿದಳು. ಆ ದನಿಯಲ್ಲಿ ಕುಚೋದ್ಯ ಇದ್ದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದರು. ಇರಲಿಲ್ಲ. ಇದ್ದದ್ದು ದಿಗಿಲು, ಮತ್ತೆ ಎಲ್ಲಿ ತಪ್ಪಿದೆನೋ ಎಂಬ ದಿಗಿಲು. ಅವಳು ಹಿಂದಿನ ಹಾಳೆಗೆ ಹೋದಳು, ತುಟಿಯೊಳಗೇ ಓದಿಕೊಂಡಳು, ಮತ್ತೆ ಮುಂದೆ ಬಂದಳು. 'ಇಲ್ಲ ಮಾವ, ನಂಗೇ ಅರ್ಥ ಆಗ್ತಿಲ್ಲ. ಎಲ್ಲೋ ತಪ್ಪು ಓದ್ಬಿಟ್ಟಿದೀನಿ.' ಮೇಷ್ಟ್ರು ಬಾಯಿ ತೆರೆದರು. ಆದರೆ ಆ ಬಾಯಿಗೆ ಮೂವತ್ತು ವರ್ಷದ ಪಾಠ ಇತ್ತು; ಗೊತ್ತಿಲ್ಲದ ಪ್ರಶ್ನೆ ಬಂದಾಗ 'ಒಳ್ಳೆ ಪ್ರಶ್ನೆ, ನೀವೇ ಯೋಚನೆ ಮಾಡ್ಕೊಂಡು ನಾಳೆ ಬನ್ನಿ' ಎನ್ನುವ ಪಾಠ. 'ಯೋಚನೆ ಮಾಡು' ಎಂದಿತು ಬಾಯಿ. ರೂಪಶ್ರೀ ಯೋಚನೆ ಮಾಡಿದಳು, ಪಾಪ, ನಿಜವಾಗಿಯೂ ಮಾಡಿದಳು, ಕಾಲಬೆರಳುಗಳೆಲ್ಲ ಮಡಿಸಿಕೊಂಡು ಬೆಳ್ಳಗಾದವು. ಆಮೇಲೆ ಪುಸ್ತಕ ಮುಚ್ಚಿದ ಸದ್ದು ಬಂತು. 'ನನ್ ತಲೆಗೆ ಹತ್ತಲ್ಲ ಬುಡಿ ಮಾವ. ಕಾಫಿ ಮಾಡ್ಕೊಂಡ್ ಬರ್ತೀನಿ' ಎಂದು ಪಾದಗಳು ಎದ್ದು ಹೋದವು. ನೆಲದ ಮೇಲೆ ಕುರ್ಚಿಯ ಕಾಲುಗಳು ಮಾತ್ರ ಉಳಿದವು.

ಅಡಿಗೆಮನೆ ಪಕ್ಕದಲ್ಲೇ. ಕಣ್ಣು ಹೋದಮೇಲೆ ಕಿವಿ ಚುರುಕಾಗುತ್ತದೆ ಎನ್ನುವುದು ಸುಳ್ಳಲ್ಲ, ಅಥವಾ ಇಷ್ಟು ದಿನ ಅವರು ಆ ಕಡೆ ಕಿವಿಯನ್ನೇ ಕೊಟ್ಟಿರಲಿಲ್ಲ. ಹಾಲಿಟ್ಟ ಸದ್ದು, ಲೋಟದ ಸದ್ದು, ಅದರ ನಡುವೆ ರೂಪಶ್ರೀಯ ಮೆಲುದನಿ: 'ಇವತ್ತು ಸಾಯಂಕಾಲದಿಂದ ಅವ್ರೇ ಓದ್ಲಿ ಅತ್ತೆ. ನಾನ್ ಬಾಯ್ ತೆಗೆದ್ರೆ ಹಿಂಗೇನೆ. ಮಾವಂಗೆ ಹೇಳೀ ಹೇಳೀ ಸಾಕಾಗಿರುತ್ತೆ, ಬಾಯ್ ಬಿಟ್ಟು ಅನ್ನಲ್ಲ ಅಷ್ಟೇ.' ಮಂಜುಳಮ್ಮ ಏನೋ ಅಂದರು. 'ಅದಕ್ಕೇ ನಾನು ಕೃತಿಕಾಗೂ ಓದ್ಸಕ್ಕೆ ಹೋಗಲ್ಲ. ನಾಳೆ ಅದೂ ನನ್ ಥರಾನೇ ಆದ್ರೆ.' ಮೇಷ್ಟ್ರು ಸಿಂಬಿಯಲ್ಲಿ ಹಣೆ ಒತ್ತಿದರು. ನಾಮಕರಣದ ದಿನ ಅವಳು ತಪ್ಪು ಮಾಡಿದ್ದಳು, ಇವರು ನಗೆಗೀಡು ಮಾಡಿದ್ದರು. ಅದಕ್ಕೊಂದು ಲೆಕ್ಕವಾದರೂ ಇತ್ತು. ಇವತ್ತು ಅವಳು ಸರಿಯಾಗಿ ಓದಿದ್ದಳು, ಸರಿಯಾಗಿ ಯೋಚಿಸಿದ್ದಳು, ನಾಯಿಯನ್ನು ಯಾರೂ ಮೊಳೆಗೆ ನೇತುಹಾಕುವುದಿಲ್ಲ ಎಂದು ಮಿಸ್ ಆರೆಲಿಯಾಳ ನಲವತ್ತು ವರ್ಷದ ಗೆಳೆಯನಿಗೆ ಹೊಳೆಯದಿದ್ದದ್ದು ಅವಳಿಗೆ ಹೊಳೆದಿತ್ತು. ಸರಿಯಾದದ್ದಕ್ಕೆ ಅವಳು ತನ್ನನ್ನೇ ದಡ್ಡಿ ಎಂದುಕೊಂಡು ಎದ್ದುಹೋಗಿದ್ದಳು. ಹೀಗೇ ಎಷ್ಟು ಜನ ಎದ್ದುಹೋದರೋ. ಗುಬ್ಬಿಯ ಆ ಉದ್ದನೆಯ ಕೋಣೆ, ಕೊನೆಯ ಬೆಂಚು, ಒಂದು ಪ್ರಶ್ನೆ ಕೇಳಿ, ಯೋಚನೆ ಮಾಡ್ಕೊಂಡು ನಾಳೆ ಬಾ ಎನ್ನಿಸಿಕೊಂಡು, ನಾಳೆ ಬಂದು ಮತ್ತೆ ಕೇಳದೆ ಹೋದ ಮುಖಗಳು. ಮುತ್ತುರಾಜ್ ಎಂಬ ಹುಡುಗ, ಅವನು ಏನು ಕೇಳಿದ್ದ, ನೆನಪಾಗಲಿಲ್ಲ, ಕೇಳಿದಾಗ ಅವನ ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿದ್ದದ್ದು ಮಾತ್ರ ನೆನಪಾಯಿತು. ಸುಮ್ಮನಿದ್ದರೆ ಎಲ್ಲವೂ ಸರಿಹೋಗುತ್ತದೆ. ಸಾಯಂಕಾಲ ಜಯಪ್ರಕಾಶ್ ಬಂದು ಆಕಳಿಸುತ್ತ ಓದುತ್ತಾನೆ. ನಾಯಿ ನಾಯಿಯಾಗಿಯೇ ಉಳಿಯುತ್ತದೆ, ಮೇಷ್ಟ್ರು ಮೇಷ್ಟ್ರಾಗಿ. ರೂಪಶ್ರೀ ಮಾತ್ರ ಮತ್ತೆ ಹಸಿರು ಕಾಗದದ ಸೋಪಿಗೆ ಮರಳುತ್ತಾಳೆ, ಅವಳ ಹಿಂದೆ ಕೃತಿಕಾ. ಗೊತ್ತಿಲ್ಲ ಎಂದು ಮೇಷ್ಟ್ರು ನೆಲಕ್ಕೆ ಹೇಳಿ ನೋಡಿದರು. ದನಿ ಹೊರಡಲಿಲ್ಲ. ಇನ್ನೊಂದು ಸಲ ಹೇಳಿದರು. ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು.

ಬೋರಲು ಮಲಗಿದವರು ಕಾಫಿ ಕುಡಿಯುವುದು ಸ್ಟ್ರಾನಲ್ಲಿ. ಅದಕ್ಕಾಗಿ ರೂಪಶ್ರೀ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಲೋಟವನ್ನು ಅವರ ಬಾಯಿಯ ಕೆಳಗೆ ಹಿಡಿಯಬೇಕಿತ್ತು. ಲೋಟ ಹಿಡಿದ ಕೈಬೆರಳು, ಬಳೆ, ಸೆರಗಿನ ಒಂದು ತುದಿ ಕಂಡವು. ಮೇಷ್ಟ್ರು ಒಂದು ಗುಟುಕು ಎಳೆದು, ಸ್ಟ್ರಾ ಬಿಟ್ಟರು.

'ರೂಪ, ಅದು ನಾಯಿ ಅಲ್ಲ ಕಣಮ್ಮ.'

'ಯಾವ್ದು ಮಾವ?'

'ರೆಟಿಕ್ಯೂಲು. ಅದು ನಾಯಿ ಅಂತ ನಾನೇ ಅಂದ್ಕೊಂಡಿದ್ದು. ಅದೇನು ಅಂತ ನಂಗ್ ಗೊತ್ತಿಲ್ಲ. ಯಾವತ್ತೂ ಗೊತ್ತಿರ್ಲಿಲ್ಲ. ನೀನು ಸರಿಯಾಗೇ ಓದಿದೀಯ.'

ಅವಳು ಲೋಟವನ್ನು ನೆಲದ ಮೇಲಿಟ್ಟಳು. ಮೇಷ್ಟ್ರಿಗೆ ಅವಳ ಮುಖ ಕಾಣದ್ದು ಈಗ ಭಯವಾಯಿತು. ನಗುತ್ತಿದ್ದಾಳೋ, ಮರುಕಪಡುತ್ತಿದ್ದಾಳೋ, ಈ ಮುದುಕನಿಗೆ ಇಷ್ಟೂ ಬರುವುದಿಲ್ಲವೇ ಎನ್ನುತ್ತಿದ್ದಾಳೋ. ಮಾತು ತಡೆಯದೆ ಮುಂದುವರಿಸಿದರು: ಹಾಸ್ಟೆಲ್ಲು, ಬೀಗ ಹಾಕಿದ ಡಿಕ್ಷನರಿ, ಮಠದ ಬಸವನ ಜೋಳಿಗೆ, ಕಂದು ಕಿವಿ. ಕಂದು ಕಿವಿಯನ್ನು ಯಾಕೆ ಹೇಳಿದೆ ಎಂದು ಹೇಳಿದಮೇಲೆ ನಾಚಿಕೆಯಾಯಿತು, ಅದನ್ನು ಮಂಜುಳಮ್ಮನಿಗೂ ಹೇಳಿರಲಿಲ್ಲ.

'ಈಗ ನೋಡ್ಲಾ ಮಾವ?' ಎಂದಳು ಕೊನೆಗೆ. ಫೋನು ತೆಗೆದ ಸದ್ದು. ಮೇಷ್ಟ್ರು ಹ್ಞೂಂ ಎಂದರು. ಫೋನನ್ನು ಅವಳು ನೆಲದ ಮೇಲೆ ಜಾರಿಸಿ ಅವರ ಎಡಗಣ್ಣಿನ ಕೆಳಕ್ಕೆ ತಂದಳು. ಬೆಳಕಿನ ಚೌಕದೊಳಗೆ ಬಟ್ಟೆಯದೊಂದು ಪುಟ್ಟ ಚೀಲ, ಬಾಯಿಗೆ ದಾರ, ಎಳೆದರೆ ಮುಚ್ಚಿಕೊಳ್ಳುವಂಥದ್ದು. 'ಹೆಂಗಸರು ಹೊರಗೆ ಹೋಗುವಾಗ ಹಿಡಿದುಕೊಳ್ಳುತ್ತಿದ್ದ ಚಿಕ್ಕ ಕೈಚೀಲ, ಅಂತ ಐತೆ' ಎಂದಳು. ಈ ಮನೆಯಲ್ಲಿ ಯಾವಾಗಲೂ 'ಇದೆ' ಎನ್ನುವವಳ ಬಾಯಲ್ಲಿ 'ಐತೆ' ಬಂದದ್ದನ್ನು ಮೇಷ್ಟ್ರು ಗಮನಿಸಿದರು. 'ನಮ್ಮಜ್ಜೀದು ಎಲಡಿಕೆ ಸಂಚಿ ಇದ್ದಂಗೇ ಐತೆ ಮಾವ. ಅವ್ಳೂ ಹಿಂಗೇ, ಎಲ್ ಹೋದ್ರೂ ಬುಡ್ತಿರ್ಲಿಲ್ಲ.'

ಮೇಷ್ಟ್ರು ಚಿತ್ರವನ್ನು ನೋಡುತ್ತಲೇ ಇದ್ದರು. ಇಷ್ಟು ದಿನ ಮಿಸ್ ಆರೆಲಿಯಾ ಎದೆಗೊತ್ತಿಕೊಂಡು ಅತ್ತದ್ದು ಇದನ್ನು. ಮದುವೆಗೆ ಕರೆಯಲಿಲ್ಲವೆಂದು ತಿಳಿದ ದಿನ ಗಾಡಿಯಲ್ಲಿ ಅವಳ ಜೊತೆ ಯಾರೂ ಇರಲಿಲ್ಲ. ತಾನು ಇಪ್ಪತ್ತನೆಯ ವಯಸ್ಸಿನಲ್ಲಿ ಅವಳಿಗೊಂದು ಜೊತೆ ಕೊಟ್ಟಿದ್ದೆ, ಅರವತ್ತು ದಾಟಿದ ಮೇಲೆ ಕಿತ್ತುಕೊಂಡೆ ಎನಿಸಿ ಕಣ್ಣು ತುಂಬಿತು, ಆಪರೇಷನ್ ಆದ ಕಣ್ಣೂ ಸೇರಿ. ಬೋರಲು ಮಲಗಿದವರ ಕಣ್ಣೀರು ಕೆನ್ನೆಗಿಳಿಯುವುದಿಲ್ಲ, ನೇರವಾಗಿ ನೆಲಕ್ಕೆ ಬೀಳುತ್ತದೆ. ಫೋನಿನ ಗಾಜಿನ ಮೇಲೆ ಬಿತ್ತು. ರೂಪಶ್ರೀ ಸೆರಗಿನಿಂದ ಒರೆಸಿದಳು. 'ಒಳ್ಳೇ ನಾಯಿ ಕಣಮ್ಮ' ಎಂದರು ಮೇಷ್ಟ್ರು. 'ಹೂಂ ಮಾವ. ಪಾಪ, ಬೊಗಳ್ತಾನೂ ಇರ್ಲಿಲ್ಲ' ಎಂದಳು ರೂಪಶ್ರೀ, ಹೇಳುತ್ತಾ ಹೇಳುತ್ತಾ ಅವಳಿಗೆ ತಡೆಯಲಾಗಲಿಲ್ಲ. ಆ ನಗುವನ್ನು ಮೇಷ್ಟ್ರು ಈ ಮನೆಯಲ್ಲಿ ಕೇಳಿರಲಿಲ್ಲ. ಒಳಗಿನಿಂದ ಮಂಜುಳಮ್ಮ 'ಏನದು' ಎಂದು ಕೇಳಿದರು.

ನಗು ನಿಂತಮೇಲೆ ಅವಳು ಸ್ಟ್ರಾವನ್ನು ಮತ್ತೆ ಅವರ ತುಟಿಗಿಟ್ಟು, ಮೆಲ್ಲಗೆ, 'ನಾನೂ ಒಂದ್ ಹೇಳ್ಲಾ ಮಾವ, ಬಯ್ಬಾರ್ದು' ಎಂದಳು. 'ನಾನು ಎಲ್ಲಾ ಪದಾನೂ ಓದಿಲ್ಲ. ದಿನಾ ನಾಕ್ ಕೇಳ್ತಿದ್ದೆ, ನಾಕ್ ನುಂಗ್ತಿದ್ದೆ. ಎಲ್ಲಾ ಕೇಳಿದ್ರೆ ಏನಂದ್ಕೋತೀರೋ ಅಂತ. ಬಾಯ್ಗೇ ಬರ್ದೇ ಇರೋವು ಇರ್ತಾವಲ್ಲ, ಅವನ್ನ ಹಾರಿಸ್ಕೊಂಡು ಓದ್ಬುಟ್ಟೆ. ನಿಮ್ಗೆ ಗೊತ್ತಾಗಿರುತ್ತೆ, ನೀವ್ ಅನ್ಲಿಲ್ಲ.'

ಮೇಷ್ಟ್ರು ಕಾಫಿ ಎಳೆಯುವುದನ್ನು ಮರೆತರು. ಗೊತ್ತಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಒಪ್ಪಿಸಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದ ಪುಸ್ತಕ. ಇಷ್ಟು ಪುಟಗಳಲ್ಲಿ ಅವಳು ನುಂಗಿದ ಒಂದು ಪದದ ಜಾಗದಲ್ಲೂ ಅವರ ಕಿವಿ ಎಡವಿರಲಿಲ್ಲ. ತಾನು ಓದಿದ ಹಾಗೆಯೇ ಓದುತ್ತಿದ್ದಾಳೆ ಎಂದೇ ಅನಿಸುತ್ತಿತ್ತು. ಯಾಕೆ ಅನಿಸಬಾರದು, ಅವಳು ಹಾರಿದ ಕಡೆಗಳಲ್ಲೇ ಅವರೂ ಹಾರಿದ್ದರು. ಅಮೃತೂರಿನ ಹುಡುಗಿ, ಗುಬ್ಬಿಯ ಹುಡುಗ, ನಡುವೆ ನಲವತ್ತು ವರ್ಷ, ಅದೇ ಪದಗಳು. ಕಾದಂಬರಿಯ ತುಂಬ ಇಬ್ಬರೂ ಕಾಲಿಡದ ಜಾಗಗಳು ಹಾಗೇ ಉಳಿದಿದ್ದವು.

'ಮೊದಲಿಂದ ಓದು' ಎಂದರು.

'ಮೊದಲಿಂದಾನಾ? ಅರ್ಧಕ್ಕೆ ಬಂದಿದೀವಲ್ಲ ಮಾವ.'

'ಮೊದಲಿಂದ. ಒಂದೂ ಬಿಡ್ಬೇಡ. ಫೋನ್ ಇಲ್ಲೇ ಇರ್ಲಿ.'

ಅವಳು ಕುರ್ಚಿಗೆ ಹೋಗಲಿಲ್ಲ, ನೆಲದ ಮೇಲೆಯೇ ಮಂಚಕ್ಕೆ ಒರಗಿ ಕೂತಳು. ಪುಸ್ತಕವನ್ನು ತೊಡೆಯ ಮೇಲೆ ತೆರೆದಳು, ಈಗ ಅದರ ಕಂದಿದ ಹಾಳೆಯ ಒಂದು ಅಂಚು ಮೇಷ್ಟ್ರಿಗೂ ಕಂಡಿತು. ಒಂದನೆಯ ಅಧ್ಯಾಯ, ಮಂಜು ಮುಸುಕಿದ ಬೆಳಗ್ಗೆ, ಮಿಸ್ ಆರೆಲಿಯಾಳ ಕುದುರೆಗಾಡಿ ಊರು ಬಿಟ್ಟು ಹೊರಟಿತು. ನಾಲ್ಕು ಪದ ಓದಿ ರೂಪಶ್ರೀ ನಿಂತಳು. 'ಇಲ್ಲೇ ಒಂದೈತೆ ಮಾವ. ಅವತ್ತು ಬಿಟ್ಟಿದ್ದೆ.' ಅಕ್ಷರ ಕೂಡಿಸಿ ಕೂಡಿಸಿ ಹೇಳಿದಳು, 'ಪೋಸ್ಟಿಲಿಯನ್.' ಮೇಷ್ಟ್ರು ಹುಡುಕಿದರು. ತಲೆಯಲ್ಲಿದ್ದ ಆ ಬೆಳಗಿನಲ್ಲಿ ಮಂಜಿತ್ತು, ಗಾಡಿಯಿತ್ತು, ಊರ್ಡಿಗೆರೆಯ ಗೋಮಾಳವಿತ್ತು, ಈ ಪದ ಇರಲಿಲ್ಲ.

'ಗೊತ್ತಿಲ್ಲ ಕಣಮ್ಮ. ನೋಡು' ಎಂದರು. ಈ ಸಲ ಅದು ಅವರದೇ ದನಿಯಾಗಿತ್ತು.

ರೂಪಶ್ರೀ ನೋಡಿದಳು, ತಾನೊಮ್ಮೆ ಓದಿಕೊಂಡಳು. 'ಗಾಡಿ ಎಳೆಯೋ ಕುದುರೆ ಮೇಲೇ ಕೂತ್ಕೊಂಡು ಗಾಡಿ ಓಡಿಸೋನಂತೆ. ಎಡಗಡೆ ಕುದುರೆ ಮೇಲೆ.'

'ಅಂದ್ರೆ ಗಾಡಿ ಜೊತೆ ಒಬ್ಬ ಮನುಷ್ಯ ಇದ್ದ.'

'ಇದ್ದ ಮಾವ' ಎಂದಳು ರೂಪಶ್ರೀ. 'ಮೊದಲ್ನೇ ಸಾಲಿಂದಾನೂ ಇದ್ದ.'